ಇಮೇಲ್ ಖಾತೆಗೆ ಮೂರು ವರ್ಷ

ಜಲಮಂಡಳಿಯಲ್ಲಿ ನೌಕರನ ಇಮೇಲ್ ಖಾತೆಯು ಮಂಡಳಿಯ ಸ್ವತ್ತು. ನೌಕರನು ಅದರ ತಾತ್ಕಾಲಿಕ ಬಳಕೆದಾರ ಮಾತ್ರ. ಈ ನಿಯಮ, ಕೊಳವೆ ಮಾರ್ಗಗಳ ನಕ್ಷೆ ಬರೆಯುತ್ತಿದ್ದ ನಕ್ಷೆಗಾರನಿಗೂ ಗೊತ್ತಿತ್ತು. ಗೊತ್ತಿರುವುದಾಗಿ ರುಜು ಕೂಡ ಹಾಕಿದ್ದ.

ಅವನ ಗುತ್ತಿಗೆ ಒಂದು ವರ್ಷದ್ದೆಂದು ಮಂಡಳಿ ಹೇಳಿತು. ಮೂರು ವರ್ಷದ್ದೆಂದು ಅವನು ಹೇಳಿದ. 'ಮೂರು ವರ್ಷ ನಿಶ್ಚಿಂತೆಯಿಂದಿರಿ' ಎಂದು ಸಿಬ್ಬಂದಿ ಅಧಿಕಾರಿ ಸ್ವತಃ ಬರೆದ ಪತ್ರ ಅವನ ಕಚೇರಿಯ ಇಮೇಲ್ ಖಾತೆಯಲ್ಲಿತ್ತು. ಈ ಸಂಗತಿಯನ್ನು ಅಧಿಕಾರಿಗೇ ಪ್ರಾಮಾಣಿಕವಾಗಿ ತಿಳಿಸಿ, ಬುದ್ಧಿಹಲ್ಲು ಕೀಳಿಸಿಕೊಳ್ಳಲು ಅವನು ಮೂರು ದಿನ ರಜೆ ಹಾಕಿದ. ಹೋಗುವ ಮುನ್ನ, ಬರುವ ಪತ್ರಗಳಿಗೆ ತಾನಾಗಿ ಉತ್ತರ ಹೋಗುವಂತೆ ಒಂದು ಒಕ್ಕಣೆ ಇಟ್ಟ: 'ತಮ್ಮ ಪತ್ರ ತಲುಪಿದೆ. ಅದರಲ್ಲಿನ ವಿಷಯವನ್ನು ಗೌರವಪೂರ್ವಕವಾಗಿ ಒಪ್ಪಿಕೊಂಡಿದ್ದೇನೆ. ತಮ್ಮ ಸಹಕಾರಕ್ಕೆ ಕೃತಜ್ಞ.' ರಜೆಯಲ್ಲಿದ್ದೇನೆ ಎಂದು ಬರೆಯುವುದು ಅವನಿಗೆ ಒರಟಾಗಿ ಕಂಡಿತ್ತು.

ಊದಿದ ಕೆನ್ನೆಯೊಂದಿಗೆ ಮರಳಿದಾಗ ಖಾತೆಗೆ ಬೀಗ ಬಿದ್ದಿತ್ತು.

"ಸಾಕ್ಷ್ಯ ಇರೋ ಖಾತೆ. ಕಾಪಾಡ್ಬೇಕಲ್ಲ," ಎಂದರು ಸಿಬ್ಬಂದಿ ಅಧಿಕಾರಿ.

"ಯಾರಿಂದ ಸಾರ್?"

"ಅದನ್ನ ಓದೋರಿಂದ."

"ಒಂದೇ ಒಂದು ಪತ್ರ ಸಾರ್. ನೀವೇ ಬರ್ದಿದ್ದು. ನಿಮ್ಮ ಹತ್ರಾನೂ ಪ್ರತಿ ಇರತ್ತೆ."

"ಭರವಸೆ ಕೊಟ್ಟ ಪತ್ರಗಳನ್ನ ವಾರಕ್ಕೊಮ್ಮೆ ಅಳಿಸ್ತೀನಿ. ಜಾಗ ಸಾಲಲ್ಲ. ನೀವು ಅರ್ಜಿ ಹಾಕಿ. ಕಚೇರಿ ಖಾತೆಯಿಂದಲೇ ಬರ್ಬೇಕು, ಇಲ್ದಿದ್ರೆ ಅದು ನೀವೇ ಅಂತ ಹೇಗೆ ನಂಬೋದು?"

"ಎದುರಿಗೇ ನಿಂತಿದೀನಲ್ಲ ಸಾರ್."

"ನಿಂತಿರೋದಕ್ಕೆ ದಾಖಲೆ ಇಲ್ಲಪ್ಪ."

ಮೂವರು ಸದಸ್ಯರ ವಿಚಾರಣಾ ಸಮಿತಿ ರಚನೆಯಾಯಿತು. ನ್ಯಾಯಬದ್ಧವಾಗಿರಬೇಕೆಂಬ ಕಾಳಜಿಯಿಂದ, ಪ್ರತಿ ಸಭೆಯ ನೋಟಿಸನ್ನೂ ಬೀಗ ಹಾಕಿದ ಖಾತೆಗೆ ತಪ್ಪದೆ ಕಳಿಸಲಾಯಿತು. ತಕ್ಷಣ ಉತ್ತರ ಬಂತು. ಉತ್ತರ ಬಂದುದರಿಂದ ನಕ್ಷೆಗಾರನನ್ನು ಹಾಜರೆಂದು ಬರೆದುಕೊಳ್ಳಲಾಯಿತು.

ನಕ್ಷೆಗಾರ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಒಮ್ಮೆ ಬಾಗಿಲು ತಟ್ಟಿದ.

"ಸ್ವಲ್ಪ ಸುಮ್ನಿರಿ," ಎಂದ ಜವಾನ. "ಒಳಗೆ ನಿಮ್ಮನ್ನೇ ವಿಚಾರಿಸ್ತಿದಾರೆ."

ಗುತ್ತಿಗೆ ಒಂದೇ ವರ್ಷದ್ದೆಂದು ಒಪ್ಪುತ್ತೀರಾ ಎಂದು ಸಮಿತಿ ಖಾತೆಯನ್ನು ಕೇಳಿತು. ಗೌರವಪೂರ್ವಕವಾಗಿ ಒಪ್ಪಿಕೊಂಡಿದ್ದೇನೆ ಎಂದು ಉತ್ತರ ಬಂತು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಇಷ್ಟು ವಿನಯವನ್ನು ಅವರು ಕಂಡಿರಲಿಲ್ಲ.

ಅಷ್ಟರಲ್ಲಿ ಮಾರುಕಟ್ಟೆ ಹಿಂದಿನ ದೊಡ್ಡ ಕೊಳವೆ ಒಡೆಯಿತು. ಎಂಜಿನಿಯರು ನಕ್ಷೆ ಕೇಳಿ ಅದೇ ಖಾತೆಗೆ ಬರೆದರು, ಉತ್ತರ ಬಂತು, ಕೋರಿಕೆ ಸ್ವೀಕೃತ ಎಂದು ದೂರನ್ನು ಮುಕ್ತಾಯ ಮಾಡಿದರು. ಆ ಬೀದಿಯ ಜನ ಎಂಟು ದಿನ ಮೊಣಕಾಲುದ್ದದ ನೀರಿನಲ್ಲಿ ನಿಂತು, ನಲ್ಲಿಯಲ್ಲಿ ನೀರಿಲ್ಲವೆಂದು ಬೈದರು. ಖಾತೆಗೂ ಬೈದು ಬರೆದರು. ಅದು ಕೃತಜ್ಞತೆ ಸಲ್ಲಿಸಿತು.

ಸಮಿತಿಯ ತೀರ್ಮಾನವನ್ನು ಸೂಚನಾ ಫಲಕಕ್ಕೆ ಅಂಟಿಸಲಾಯಿತು: 'ಸದರಿ ನಕ್ಷೆಗಾರರ ಗುತ್ತಿಗೆ ಅವರದೇ ಒಪ್ಪಿಗೆಯ ಮೇರೆಗೆ ಮುಕ್ತಾಯವಾಗಿದೆ. ಸದರಿ ಖಾತೆಯು ವಿವಾದದ ಅವಧಿಯಲ್ಲಿ ಒಂದು ದಿನವೂ ರಜೆ ಪಡೆಯದೆ, ದನಿ ಎತ್ತದೆ, ಹಲ್ಲುನೋವಿನ ನೆಪ ಹೇಳದೆ ಕರ್ತವ್ಯ ನಿರ್ವಹಿಸಿರುವುದರಿಂದ ಅದರ ಸೇವೆಯನ್ನು ಮೂರು ವರ್ಷ ಮುಂದುವರಿಸಲಾಗಿದೆ.'

ಸಹೋದ್ಯೋಗಿಗಳು ಖಾತೆಗೆ ಅಭಿನಂದನೆ ಕಳಿಸಿದರು. ಬೆಂಚಿನ ಮೇಲಿದ್ದವನನ್ನು ದಾಟಿಕೊಂಡು ಹೋಗುವಾಗ, "ನಿಮ್ಮದೂ ಒಂದು ದಾರಿಗೆ ಬಂತಲ್ಲ" ಎಂದರು.

ಮನೆಯಲ್ಲಿ ಹೆಂಡತಿ, "ಕೊನೇದಾಗಿ ಒಂದು ಸಲ ಬರ್ದು ನೋಡಿ," ಎಂದಳು. ಅವನು ತನ್ನ ಸ್ವಂತ ವಿಳಾಸದಿಂದ, ಆ ಒಂದು ಪತ್ರದ ಪ್ರತಿ ಬೇಕೆಂದು, ಕಚೇರಿಯ ತನ್ನ ಹಳೆಯ ಖಾತೆಗೇ ಬರೆದ. ಕಳಿಸಿ ಕೈ ತೆಗೆಯುವಷ್ಟರಲ್ಲಿ ಉತ್ತರ ಬಂತು. ಹೆಂಡತಿ ಅವನ ಹೆಗಲ ಮೇಲಿಂದ ಬಗ್ಗಿ ಓದಿದಳು.

"ನೋಡಿ, ಎಷ್ಟು ಮರ್ಯಾದೆಯಿಂದ ಬರ್ದಿದಾರೆ. ಆ ಕಚೇರೀಲಿ ಒಬ್ಬರಾದ್ರೂ ಒಳ್ಳೆಯವರಿದಾರೆ. ಯಾರು ಇವರು?"

"ಈಗ ನನ್ನ ಜಾಗದಲ್ಲಿರೋರು," ಎಂದ ನಕ್ಷೆಗಾರ. ನಂತರ, ಉತ್ತರ ಕೊಡದಿದ್ದರೆ ಸರಿ ಕಾಣುವುದಿಲ್ಲವೆಂದು, ಧನ್ಯವಾದ ಬರೆದು ಕಳಿಸಿದ.