ಬರ್ಫದ ಗುಡ್ಡಕ್ಕೆ ತಂಪು ತರಲು ಹೋದದ್ದು

ಜಗತ್ತಿನ ಸಕಲ ವಸ್ತುಗಳನ್ನೂ ಎರಡೇ ಪಂಗಡ ಮಾಡಿಟ್ಟ ಮಹಾನುಭಾವರು ನಮ್ಮ ಕಾಕಾ. ಒಂದು ಉಷ್ಣ, ಇನ್ನೊಂದು ತಂಪು. ಮೂರನೆಯದಕ್ಕೆ ಅವರ ಶಾಸ್ತ್ರದಲ್ಲಿ ಜಾಗವೇ ಇಲ್ಲ! ಬೆಲ್ಲ ಉಷ್ಣ, ಸಕ್ಕರೆ ತಂಪು. ರೈಲು ಉಷ್ಣ, ಎತ್ತಿನ ಗಾಡಿ ತಂಪು. ನಾನು ಕೊಲ್ಹಾಪುರದ ಕಾಲೇಜಿನಲ್ಲಿ ಓದುತ್ತಿದ್ದ ಗಣಿತವಂತೂ ಕಡು ಉಷ್ಣ. ನನ್ನ ಕೂದಲು ಉದುರಿದ್ದು ಅದರಿಂದಲೇ ಎಂದು ಕೊನೆಯವರೆಗೂ ನಂಬಿದ್ದರು. ಇಂಥವರ ದಂಧೆ ಯಾವುದು ಹೇಳಿ? ಗಡಹಿಂಗ್ಲಜ ಪೇಟೆಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ! ಕೇಳಿದರೆ, "ಅದು ಗಿರಾಕಿಗೆ ಉಷ್ಣ, ನಮಗ ತಂಪು" ಎನ್ನುತ್ತಿದ್ದರು.

ಅವರ ಹೆಂಡತಿ, ನಮ್ಮ ಕಾಕು, ಈ ಶಾಸ್ತ್ರವನ್ನು ಮೂವತ್ತು ವರ್ಷ ನಗುತ್ತಲೇ ಸಹಿಸಿದರು. ಅರವತ್ತರ ದಶಕದ ಆರಂಭದಲ್ಲಿ ಅವರಿಗೆ ಕಾಯಿಲೆ ಬಂತು. ಅಂಗಾಲಿನಿಂದ ನೆತ್ತಿಯವರೆಗೆ ಒಂದೇ ಉರಿ. ಮಜ್ಜಿಗೆ, ಗಂಧ, ಎಳನೀರು ಎಂದು ಕಾಕಾ ಅವರ ತಂಪಿನ ಪಟ್ಟಿಯೆಲ್ಲ ಮುಗಿಯಿತು, ಉರಿ ಮುಗಿಯಲಿಲ್ಲ. ಕೊಲ್ಹಾಪುರದ ಡಾಕ್ಟರು ನನ್ನನ್ನು ಹೊರಗೆ ಕರೆದು, ಬರುವ ಬೇಸಿಗೆ ದಾಟುವುದು ಕಷ್ಟ ಎಂದರು. ಅದನ್ನು ಕಾಕಾಗೆ ಹೇಳಬೇಕಾದ ಪಾಪ ನನ್ನ ಪಾಲಿಗೆ ಬಂತು.

ಮೂರನೆಯ ದಿನ ನನ್ನನ್ನು ಕರೆದರು. "ತಮ್ಮಾ, ಆ ಡಾಕ್ಟರಗ ಏನ್ ತಿಳೀತೈತಿ? ನಾವು ಕೊಟ್ಟ ತಂಪು ಆಕಿಗೆ ಸಾಲವಲ್ದು, ಅಷ್ಟ! ಬರ್ಫದ ಗುಡ್ಡಕ್ಕ ಹೋಗೂಣು. ನಿನಗ ಹಿಂದಿ ಬರತೈತಿ, ನೀನೂ ನಡಿ."

ಡಿಸೆಂಬರ್ ರಜೆಯಲ್ಲಿ ಸಿಮ್ಲಾಕ್ಕೆ ಹೊರಟೆವು. ಉಣ್ಣೆಯ ಬಟ್ಟೆ ಕೊಳ್ಳೋಣ ಎಂದದ್ದೇ ತಡ, ಕಾಕಾ ಕೆರಳಿದರು. "ಉಣ್ಣಿ ಉಷ್ಣ ಅಲ್ಲೇನೋ! ತಂಪು ತರಾಕ ಹೊಂಟೇವಿ, ಉಷ್ಣ ಹೊತಗೊಂಡ ಹೋಗೂದ?" ನೇಕಾರರ ಊರು ಇಚಲಕರಂಜಿಗೆ ಹೋಗಿ ಕಾಕುವಿಗೆ ಆರು ತೆಳು ಹತ್ತಿ ಸೀರೆ ತಂದರು. ಹಿಮದ ನಾಡಿಗೆ ಹತ್ತಿ ಸೀರೆ! ನಾನು ಕದ್ದು ಮೂರು ಕಂಬಳಿಗಳನ್ನು ಹಾಸಿಗೆಯಲ್ಲಿ ಸುತ್ತಿಕೊಂಡೆ. ಗುಡ್ಡದ ಬುಡದ ಕಾಲ್ಕಾ ಸ್ಟೇಷನ್ ಬರುವ ಮೊದಲೇ ಅವುಗಳಲ್ಲಿ ಎರಡು ಕಾಕಾ ಅವರ ಮೈಮೇಲಿದ್ದವು. "ನನ್ನ ಪ್ರಕೃತಿ ತಂಪಿಂದು, ನನಗ ನಡೀತೈತಿ" ಎಂದು ಸಮರ್ಥನೆ ಬೇರೆ!

ಮೂರನೆಯದನ್ನು ಹೊದ್ದ ಕಾಕು ನನಗೆ ಮೆಲ್ಲಗೆ ಹೇಳಿದರು: "ಲಗ್ನ ಆದಾಗಿಂದ ನಿಮ್ಮ ಕಾಕಾ ನನ್ನ ಕೊಲ್ಹಾಪುರದ ಆಚಿಗೆ ಕರಕೊಂಡ ಹೋಗಿದ್ದಿಲ್ಲ. ಈ ಬ್ಯಾನಿ ಮೊದಲ ಬಂದಿದ್ರ ಚಲೋ ಇತ್ತು!"

ನಾನು ನಕ್ಕೆ. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಸಿಮ್ಲಾದಲ್ಲಿ ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳವೆಲ್ಲ ಬೆಳ್ಳಗಾಗಿತ್ತು. ಕಾಕು ನನ್ನ ತೋಳು ಹಿಡಿದು ಹೊಸ್ತಿಲಲ್ಲಿ ನಿಂತರು. ಪರೀಕ್ಷೆಯಿಲ್ಲದೆ ಹೆಂಡತಿಗೆ ಏನನ್ನಾದರೂ ಕೊಟ್ಟಾರೆಯೇ ನಮ್ಮ ಕಾಕಾ? ಮೊದಲು ತಾವೇ ಬೊಗಸೆ ತುಂಬ ಹಿಮ ಎತ್ತಿ ಹಿಡಿದು ನಿಂತರು. ಸ್ವಲ್ಪ ಹೊತ್ತಿಗೆ ಅಂಗೈ ಕೆಂಪಗಾಯಿತು, ಮುಖ ಬಿಳಿಚಿಕೊಂಡಿತು. ಹಿಮವನ್ನು ಎಸೆದು ಕೂಗಿಕೊಂಡರು:

"ಸುಡತೈತೋ ತಮ್ಮಾ! ಬರ್ಫ ಉಷ್ಣ ಐತಿ! ಆಕಿನ್ನ ಒಳಗ ಕರಕೊಂಡ ಹೋಗು!"

ನಾಲ್ಕು ದಿನದ ಪ್ರಯಾಣ, ಆರು ಸೀರೆ, ನನ್ನ ರಜೆ, ಎಲ್ಲ ಹೋಯಿತು! ಬೈಯಬೇಕೆಂದು ಬಾಯಿ ತೆರೆದೆ. ಕಾಕಾ ಹಿಮದಲ್ಲೇ ಕುಕ್ಕರಗಾಲಲ್ಲಿ ಕುಳಿತು ತಲೆ ಹಿಡಿದುಕೊಂಡಿದ್ದರು. "ಇನ್ನ ಎಲ್ಲಿಗೆ ಕರಕೊಂಡ ಹೋಗಲೋ ಈಕಿನ್ನ?" ಎಂದರು.

ಕಾಕು ಚಪ್ಪಲಿ ಬಿಟ್ಟು, ನನ್ನ ತೋಳು ಹಿಡಿದೇ ಅಂಗಳಕ್ಕೆ ಇಳಿದುಬಿಟ್ಟರು. "ಉಷ್ಣ ಇದ್ರ ಇರಲಿ ಬಿಡ್ರಿ, ಭಾಳ ಚಂದ ಐತಿ."

"ಉರಿ ಕಡಿಮಿ ಆತೇನ?"

"ಹೌದ್ರಿ, ಆತು."

ಸುಳ್ಳು. ನೋವಿಗೆ ಅವರು ನನ್ನ ತೋಳನ್ನು ಹಿಚುಕಿ ಹಿಡಿದದ್ದು ನನಗೆ ಮಾತ್ರ ಗೊತ್ತು.

ಯುಗಾದಿಗೆ ಮೊದಲೇ ಕಾಕು ಹೋದರು. ನಮ್ಮಲ್ಲಿ ಸುಡುವ ಪದ್ಧತಿಯಿಲ್ಲ, ಕುಳ್ಳಿರಿಸಿ ಮಣ್ಣು ಮಾಡುತ್ತೇವೆ. ಹೊಲದಲ್ಲಿ ಕುಣಿ ತೋಡಿ ಮುಗಿದದ್ದೇ ಕಾಕಾ ಅದರೊಳಗೆ ಇಳಿದರು. ಎರಡೂ ಅಂಗೈಗಳನ್ನು ಅಡಿಯ ಮಣ್ಣಿಗೆ ಒತ್ತಿ ಕುಳಿತರು.

"ಮ್ಯಾಲ ಬರ್ರಿ ಸಾವಕಾರ್ರ, ಹೊತ್ತಾತು" ಎಂದರು ಕುಣಿ ತೋಡಿದವರು.

"ತಡೀರಿ."

ಬಹಳ ಹೊತ್ತಿನ ಮೇಲೆ ಕಾಕಾ ತಲೆಯೆತ್ತಿ ನನ್ನನ್ನು ಹುಡುಕಿದರು.

"ತಂಪೈತೋ ತಮ್ಮಾ" ಎಂದರು. "ಕೈ ಕೊಡು, ಮ್ಯಾಲ ಬರತೇನಿ."