ವಿಭೂತಿ ಹಚ್ಚಿದ ತುಕ್ಕು

ತುಮಕೂರಿನ ನಮ್ಮ ಲ್ಯಾಬಿನಲ್ಲಿ ಕರೆಂಟು ಕೈಕೊಟ್ಟದ್ದುಂಟು, ಪ್ರಯೋಗ ಕೈಕೊಟ್ಟದ್ದುಂಟು. ಎಡವಟ್ಟುಗಳು ಮಾತ್ರ ಒಂದು ದಿನವೂ ರಜೆ ಹಾಕಿದವಲ್ಲ. ನಾನು ಅಲ್ಲಿ ಪಿಎಚ್.ಡಿ. ವಿದ್ಯಾರ್ಥಿನಿ. ಕಬ್ಬಿಣದ ಆಕ್ಸೈಡಿನ ನ್ಯಾನೊ ಕಣಗಳನ್ನು, ಅಂದರೆ ತೀರಾ ಸಣ್ಣದಾದ ಒಂದು ಕಪ್ಪು ಪುಡಿಯನ್ನು, ತಯಾರಿಸಿ ಅದರ ಕಾಂತಗುಣ ನೋಡುವುದು ನನ್ನ ಕೆಲಸ. ನನ್ನ ಗೈಡ್‌ಗೆ ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ, ಮನಸ್ಸು ಮಾತ್ರ ಬೆಣ್ಣೆ. ಈ ವರ್ಷ ಅವರು ನಿವೃತ್ತರಾಗುವವರಿದ್ದರು. ಅಷ್ಟರೊಳಗೆ, ಥೀಸಿಸ್ ಕೊಡುವ ಮುಂಚಿನ ನನ್ನ ಕೊನೆಯ ಸೆಮಿನಾರ್ ಮುಗಿಯದಿದ್ದರೆ ಬೇರೆ ಗೈಡ್, ಬೇರೆ ವಿಷಯ, ಮತ್ತೆ ಅ ಆ ಇ ಈ.

೧. ಬ್ಯಾಗು ಏಳಲಿಲ್ಲ

ಗುಬ್ಬಿಯ ಒಂದು ಶಾಲೆಯ ಮಕ್ಕಳಿಗೆ ತೋರಿಸಲೆಂದು ಲ್ಯಾಬಿನ ಭಾರೀ ಶಕ್ತಿಯ ಅಯಸ್ಕಾಂತವನ್ನು ಬ್ಯಾಗಿನಲ್ಲಿಟ್ಟುಕೊಂಡು ನಮ್ಮೂರು ಚೇಳೂರಿನಲ್ಲಿ ಬಸ್ಸು ಹತ್ತಿದ್ದೆ. ಗುಬ್ಬಿ ಬಂತು. ನಾನು ಎದ್ದೆ, ಬ್ಯಾಗು ಏಳಲಿಲ್ಲ. ಸೀಟಿನ ಕಬ್ಬಿಣದ ಕಂಬಿಯನ್ನು ಕಚ್ಚಿಕೊಂಡಿತ್ತು.

"ಇಳೀರಿ ಮೇಡಂ, ಟೈಮಾಯ್ತು" ಎಂದು ಕಂಡಕ್ಟರ್ ಎಳೆದ. ಪಕ್ಕದ ಅಜ್ಜಿಯೂ ಕೈಹಾಕಿದರು. ಕೊನೆಗೆ ಅದು ಕಿತ್ತು ಬಂದ ರಭಸಕ್ಕೆ ಮೂವರೂ ಹಿಂದಿನ ಸೀಟಿಗೆ ಬಿದ್ದೆವು. ಅಜ್ಜಿ ಸೆರಗು ಸರಿಮಾಡಿಕೊಂಡು, "ಅದೇನ್ ಇಟ್ಕೊಂಡಿದೀಯವ್ವ? ನನ್ ಗಂಡನೂ ನನ್ನ ಹಿಂಗ್ ಹಿಡ್ಕೊಂಡಿರ್ಲಿಲ್ಲ ಬುಡು" ಅಂದರು.

ಮರುದಿನ ಈ ಕಥೆ ಕೇಳಿದ ಗೈಡ್ ಸರ್, "ನಿನ್ ಕೈಗೆ ಕೊಟ್ಟಿದ್ದೇ ತಪ್ಪು ಕಣಮ್ಮ, ಇನ್ಮೇಲೆ ಇದು ನನ್ ಹತ್ರಾನೇ ಇರ್ಲಿ" ಎಂದು ಅಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಎದೆಜೇಬಿಗಿಳಿಸಿದರು. ಅಜ್ಜಿಯ ಮಾತನ್ನು ಮಾತ್ರ ಎರಡು ಸಲ ಹೇಳಿಸಿಕೊಂಡರು.

೨. ಟ್ರಂಕಿಗೂ ಒಂದು ಪಟ್ಟ

ಕುಣಿಗಲ್ಲಿನ ಚಿಕ್ಕಮ್ಮ ಮನೆಗೆ ಬಂದಿದ್ದರು. "ಹುಡುಗಿ ಇಷ್ಟು ವರ್ಷದಿಂದ ಅದೇನ್ ಓದ್ತವ್ಳೆ?" ಅಂತ ವಿಚಾರಣೆ. ಕಬ್ಬಿಣದ ಆಕ್ಸೈಡ್ ಅಂದರೆ ಏನು ಎಂದು ಅಮ್ಮನಿಗೆ ಹಿಂದೊಮ್ಮೆ ಸುಲಭವಾಗಿ ಹೇಳಿಕೊಟ್ಟಿದ್ದೆ. ಅಮ್ಮ ಹೆಮ್ಮೆಯಿಂದ, "ತುಕ್ಕು ಮಾಡ್ತವ್ಳೆ" ಅಂದರು.

ಚಿಕ್ಕಮ್ಮ ಕಾಫಿ ಲೋಟ ಕೆಳಗಿಟ್ಟರು. "ನಮ್ಮನೆ ಟ್ರಂಕು ಒಂದೇ ಮಳೆಗಾಲದಲ್ಲಿ ಮಾಡ್ತಲ್ಲ ಕಣಕ್ಕ! ಅದಕ್ಕೂ ಒಂದು ಡಾಕ್ಟರ್ ಪಟ್ಟ ಕೊಡ್ಸು."

೩. ಹೊಸ ಪದಾರ್ಥ

ಕಬ್ಬಿಣದ ಲವಣದ ದ್ರಾವಣಕ್ಕೆ ಅಮೋನಿಯ ಹನಿಸುತ್ತಾ ಹೋದರೆ ಅದು ಕಪ್ಪಗಾಗಬೇಕು. ನನ್ನದು ಹಟಕ್ಕೆ ಬಿದ್ದು ಇಟ್ಟಿಗೆ ಬಣ್ಣಕ್ಕೇ ತಿರುಗುತ್ತಿತ್ತು. ಅಂತೂ ಒಂದು ದಿನ ಕಾಡಿಗೆಯಂಥ ಪುಡಿ ಬಂತು. ಎಕ್ಸ್-ರೇ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದೆವು.

ವರದಿಯಲ್ಲಿ ನಮ್ಮ ಪುಡಿಯ ಗೆರೆಗಳ ನಡುವೆ ಯಾರೂ ಕರೆಯದೆ ಬಂದ ಒಂದು ಗೆರೆ ತಲೆಯೆತ್ತಿ ನಿಂತಿತ್ತು. ಸರ್ ಕುರ್ಚಿಯಿಂದ ಎಗರಿಬಿಟ್ಟರು. "ಹೊಸ ಪದಾರ್ಥ ಕಣಮ್ಮ! ಯಾರ ಹತ್ರಾನೂ ಬಾಯ್ಬಿಡಬೇಡ!" ಲ್ಯಾಬಿಗೆಲ್ಲ ಮೈಸೂರ್ ಪಾಕ್ ತರಿಸಿದರು. ಕೊನೆಗೆ ನಾನು ಕೂತು ಗೊತ್ತಿರುವ ಪದಾರ್ಥಗಳ ಗೆರೆಗಳ ಜೊತೆ ಹೋಲಿಸಿ ನೋಡಿದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಜಾತಿಯ ಬಿಳಿ ಪುಡಿ.

"ನಮ್ಮ ಪುಡಿಗೆ ಅದೆಲ್ಲಿಂದ ಬಂತು?" ಅಂದರು ಸರ್.

ಸೀಸೆ ಕಳಿಸುವ ಮುಂಚೆ ಮುಚ್ಚಳ ತೆಗೆದು, "ಒಳ್ಳೇದಾಗ್ಲಿ" ಎಂದು ಅವರು ಚಿಟಿಕೆ ಉದುರಿಸಿದ್ದು ನೆನಪಾಯಿತು. ನಾನು ಅವರ ಹಣೆಯನ್ನೇ ನೋಡಿದೆ. ಸರ್ ಕೈಯಲ್ಲಿದ್ದ ಮೈಸೂರ್ ಪಾಕನ್ನು ಡಬ್ಬಿಗೆ ವಾಪಸ್ ಇಟ್ಟರು.

"ಇನ್ನು ಸ್ಯಾಂಪಲ್ಲಿಗೆ ವಿಭೂತಿ ಹಚ್ಚಬೇಡಿ ಸರ್" ಎಂದು ಮಾತು ತೆಗೆದುಕೊಂಡೆ. ಮತ್ತೆ ಪುಡಿ ಮಾಡಿದೆ.

೪. ಬಿಡಬೇಕಾದ್ದು ಬಿಡಲಿಲ್ಲ

ಸೆಮಿನಾರ್ ಬಂತು. ನಮ್ಮ ಸರ್ ನಿವೃತ್ತಿಗೆ ಅದೇ ಕೊನೆಯ ವಾರ. ನನ್ನ ಇಡೀ ಸಂಶೋಧನೆ ನಿಂತಿದ್ದು ಒಂದೇ ಮಾತಿನ ಮೇಲೆ: ಅಯಸ್ಕಾಂತ ಹತ್ತಿರ ಬಂದರೆ ಈ ಪುಡಿ ಓಡಿ ಬರಬೇಕು, ತೆಗೆದ ಕೂಡಲೇ ಹಿಡಿತ ಬಿಟ್ಟು ನೀರಿನಲ್ಲಿ ಹರಡಿಕೊಳ್ಳಬೇಕು. ಹೊರಗಿನಿಂದ ಬಂದ ಪರೀಕ್ಷಕಿ, "ಮಾಡಿ ತೋರಿಸಿ" ಅಂದರು.

ಪುಡಿ ಕಲಸಿದ ನೀರಿನ ಸೀಸೆ ಎತ್ತಿಕೊಂಡೆ. ಸೀಸೆ ಬೀಳಿಸಿಯಾಳೆಂದು ಸರ್ ತಾವೇ ಅದನ್ನು ಎದೆಗೊತ್ತಿ ಹಿಡಿದು ನಿಂತರು. ನಾನು ಪುಟ್ಟ ಅಯಸ್ಕಾಂತ ಹಿಡಿದೆ, ಪುಡಿ ಬಂತು. ತೆಗೆದೆ. ಪುಡಿ ಹರಡಿಕೊಳ್ಳಲಿಲ್ಲ. ಸಾಲುಗಟ್ಟಿ ಆಚೆ ಬದಿಗೆ, ಸರ್ ಎದೆಯ ಕಡೆಗೆ ನಡೆದುಹೋಗಿ ಅಲ್ಲೇ ಕೂತುಬಿಟ್ಟಿತು.

ಪರೀಕ್ಷಕಿ ಕನ್ನಡಕ ತೆಗೆದರು. "ಬಿಡ್ತಾ ಇಲ್ವಲ್ಲಮ್ಮ?"

ಇಷ್ಟು ವರ್ಷದ ದುಡಿಮೆ ಕಣ್ಣೆದುರೇ ನೀರಲ್ಲಿ ಹೋಮ. ಸರ್ ಗಾಬರಿಯಿಂದ, "ಬಿಡುತ್ತೆ ಮೇಡಂ, ಈಗ ಬಿಡುತ್ತೆ" ಎನ್ನುತ್ತಾ ಸೀಸೆಯನ್ನು ಇನ್ನಷ್ಟು ಅಪ್ಪಿಕೊಂಡರು. ಅವರು ಅಪ್ಪಿದಷ್ಟೂ ಪುಡಿ ಗಟ್ಟಿಯಾಗಿ ಕೂತಿತು.

ಪರೀಕ್ಷಕಿ ಪುಡಿ ಕೂತ ಬದಿಯನ್ನೊಮ್ಮೆ, ಸರ್ ಎದೆಯನ್ನೊಮ್ಮೆ ನೋಡಿ, "ಸರ್, ಸೀಸೆ ಮೇಜಿನ ಮೇಲಿಟ್ಟು ನೀವು ಬಾಗಿಲ ಹತ್ರ ಹೋಗಿ ನಿಂತ್ಕೊಳ್ಳಿ" ಅಂದರು. ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ ಸರ್ ತಲೆತಗ್ಗಿಸಿಕೊಂಡು ಹೋದರು. ನಾನು ಮತ್ತೆ ಅಯಸ್ಕಾಂತ ಹಿಡಿದೆ, ಪುಡಿ ಬಂತು. ತೆಗೆದೆ, ಬಿಟ್ಟುಬಿಟ್ಟಿತು! ಸೀಸೆ ತುಂಬ ಒಂದೇ ಸಮನೆ ಕಪ್ಪು.

"ಕೆಲಸ ಚೆನ್ನಾಗಿದೆ, ಥೀಸಿಸ್ ಕೊಡಿ" ಅಂದರು ಪರೀಕ್ಷಕಿ. "ಸರ್, ಈಗ ಆ ಜೇಬಲ್ಲಿ ಏನಿದೆ ತೋರಿಸಿ."

ಸರ್ ಕರವಸ್ತ್ರ ಬಿಚ್ಚಿದರು. ಬಸ್ಸನ್ನು ಕಚ್ಚಿಕೊಂಡಿದ್ದ ಅದೇ ಅಯಸ್ಕಾಂತ, ಅದರ ಮೇಲೆ ಅಚ್ಚುಕಟ್ಟಾಗಿ ಮೂರು ಪಟ್ಟೆ ವಿಭೂತಿ. ನನಗೆ ಅಳುವೂ ಬಂತು, ನಗುವೂ ಬಂತು. ಇಂಥ ಗೈಡ್ ಇನ್ನೆಲ್ಲಿ ಸಿಕ್ಕಾರು ಅನ್ನಿಸಿತು.

"ಸ್ಯಾಂಪಲ್ಲಿಗೆ ಹಚ್ಚಬೇಡಿ ಅಂದಿದ್ಯಲ್ಲಮ್ಮ," ಅಂದರು ಸರ್ ಮೆಲ್ಲಗೆ, "ಅದಕ್ಕೇ ಇದಕ್ಕೆ ಹಚ್ಚಿದ್ದೆ."