ಚಿತ್ರದಂತೆ ಬಂದವರಿಗೆ ಮಾತ್ರ ಉಂಡೆ

ಬಹಳ ಹಿಂದೆ, ಹಾಲಿಗೆ ನೀರು ಬೆರೆಸುವವರಿಗೆ ಇನ್ನೂ ಕೊಂಚ ನಾಚಿಕೆಯಿದ್ದ ಕಾಲದಲ್ಲಿ, ತುಂಬುಗಲ್ಲ ಎಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ಸುಪುಷ್ಟವರ್ಮ ಮಹಾರಾಜರು ಬಸುರಿ ಬಾಣಂತಿಯರಿಗೂ ಎಳೆಮಕ್ಕಳಿಗೂ ದಿನಾ ಶೇಂಗಾ ಉಂಡೆ, ಮೊಟ್ಟೆ, ಹಾಲು ಕೊಡಲು ಬೊಕ್ಕಸದಿಂದ ಧಾರಾಳ ಅನುದಾನ ಬಿಡುಗಡೆ ಮಾಡಿದರು. ಪ್ರಜೆಗಳು ಜೈಕಾರ ಹಾಕಿದರು. ವಿಷಯ ಇಲ್ಲಿಗೇ ನಿಂತಿದ್ದರೆ ನನಗೆ ಈ ಕಥೆ ಬರೆಯುವ ಕೆಲಸ ತಪ್ಪುತ್ತಿತ್ತು.

ಮಾತೃಕ್ಷೇಮ ಮಂತ್ರಿ ಮಿತವ್ಯಯಾಚಾರ್ಯರು ಕೈಮುಗಿದು ನಿಂತರು. “ಪ್ರಭು, ಒಬ್ಬಳ ಉಂಡೆಯನ್ನು ಇನ್ನೊಬ್ಬಳು ತಿಂದುಬಿಟ್ಟರೆ? ಪ್ರತಿ ಫಲಾನುಭವಿಯ ಚಿತ್ರ ಬರೆಸೋಣ. ಮುಖ ತಾಳೆಯಾದರಷ್ಟೇ ವಿತರಣೆ.”

“ಭಲೇ! ಇದಪ್ಪಾ ಪಾರದರ್ಶಕತೆ!” ಎಂದರು ಮಹಾರಾಜರು.

ಆಸ್ಥಾನದ ಚಿತ್ರಕಾರ ಹುಟ್ಟಿದಾಗಿನಿಂದ ಅರಸರ ಚಿತ್ರ ಬರೆದವನು. ಮುಖವನ್ನು ಇದ್ದಂತೆ ಬರೆಯುವ ಪದ್ಧತಿ ಅವನ ಮನೆತನದಲ್ಲೇ ಇರಲಿಲ್ಲ. ಎಲ್ಲ ಬಾಣಂತಿಯರಿಗೂ ಮಹಾರಾಣಿಯವರ ತುಂಬುಗೆನ್ನೆಯನ್ನೂ ಮೈಕಟ್ಟನ್ನೂ ದಯಪಾಲಿಸಿದ. ಅನುದಾನದ ಮುಕ್ಕಾಲು ಪಾಲು ಬಣ್ಣಕ್ಕೂ ಚೌಕಟ್ಟಿಗೂ ಹೋಯಿತು.

ಬಾಳವ್ವ ಎಂಬ ಕೂಲಿ ಹೆಂಗಸು ಕೂಸನ್ನೆತ್ತಿಕೊಂಡು ವಿತರಣಾ ಕೇಂದ್ರಕ್ಕೆ ಬಂದಳು. ಅವಳ ಎದೆಹಾಲು ಬತ್ತಿತ್ತು. ಕೂಸಿಗೆ ಅಳಲೂ ತ್ರಾಣವಿರಲಿಲ್ಲ. ಅಧಿಕಾರಿ ಚಿತ್ರವನ್ನೂ ಅವಳನ್ನೂ ನೋಡಿದ.

“ತಾಳೆಯಾಗುತ್ತಿಲ್ಲ. ಚಿತ್ರದಲ್ಲಿರುವವರು ಮೈಕೈ ತುಂಬಿಕೊಂಡಿದ್ದಾರೆ.”

“ಅದು ನಾನ ರೀ ಯಪ್ಪಾ. ಗಲ್ಲ, ಮೈ ಅಷ್ಟ ಅವರು ತಮ್ಮ ಮನಸಿಗೆ ಬಂದಂಗ ಬರದಾರ. ನನ್ನ ಬಿಡ್ರಿ, ಕೂಸಿಗರ ಒಂದೀಟು ಹಾಲು ಕೊಡ್ರಿ.”

“ಚೆನ್ನಾಗಿ ಊಟ ಮಾಡಿ ಚಿತ್ರದಂತಾಗಿ ಬಾರಮ್ಮ, ಆಮೇಲೆ ಊಟ ಕೊಡೋಣ,” ಎಂದ ಅಧಿಕಾರಿ, ಬಹಳ ವಿನಯದಿಂದ.

ತಿಂಗಳು ಕಳೆಯಿತು. ಮುಖ ತಾಳೆಯಾದದ್ದು ಮಂತ್ರಿಗಳ ಸೊಸೆಯದು ಮಾತ್ರ. ಉಳಿದವರು ಯಾರೂ ಉಂಡೆ ಒಯ್ಯಲಿಲ್ಲವಾದ್ದರಿಂದ ರಾಜ್ಯದಲ್ಲಿ ಹಸಿವಿಲ್ಲವೆಂದು ವರದಿಯಾಯಿತು. ಅನುದಾನ ರದ್ದಾಯಿತು. ಮಹಾರಾಜರಿಗೆ ‘ಜಗನ್ಮಾತೃಪೋಷಕ’ ಎಂಬ ಬಿರುದು ಕೊಟ್ಟು, ಅರಮನೆಯಲ್ಲಿ ಆ ಚಿತ್ರಗಳ ಪ್ರದರ್ಶನ ಏರ್ಪಡಿಸಲಾಯಿತು. ಅದರ ಖರ್ಚಿಗೆ ಮನೆಮನೆಗೂ ಚೌಕಟ್ಟು ಸುಂಕ ಬಿತ್ತು.

ಅಲ್ಲಿ ಉಂಡೆ ಹಂಚುತ್ತಾರೆಂಬ ಸುದ್ದಿ ಕೇಳಿ ಬಾಳವ್ವ ಕೂಸಿನೊಂದಿಗೆ ಬಂದಳು. ಹಂಚುತ್ತಿದ್ದುದು ನಿಜ, ಅತಿಥಿಗಳಿಗೆ. ಗೋಡೆಯ ಮೇಲೆ ಅವಳದೇ ಚಿತ್ರವಿತ್ತು. ಆ ತುಂಬಿದ ಮೈಯನ್ನು ಕಂಡ ಕೂಸು ಎರಡೂ ಕೈ ಚಾಚಿತು.

“ನೋಡಿದಿರಾ ಪ್ರಭು! ತಾಯಿ ಯಾರೆಂದು ಕೂಸೇ ತೋರಿಸಿಕೊಡುತ್ತಿದೆ!” ಎಂದು ಮಂತ್ರಿಗಳು ಉದ್ಗರಿಸಿದರು.

ಮಹಾರಾಜರ ಕಣ್ಣು ತೇವವಾಯಿತು. “ಕೂಸನ್ನು ಹೆತ್ತವಳಿಗೆ ಒಪ್ಪಿಸಿ,” ಎಂದು ಅಪ್ಪಣೆ ಕೊಟ್ಟರು.

ಕಾವಲಿನವರು ಕೂಸನ್ನು ಕಿತ್ತುಕೊಂಡು ಚಿತ್ರದ ಕೆಳಗೆ ಮಲಗಿಸಿದರು. ಬಾಳವ್ವನನ್ನು ಹೊರಗೆ ದಬ್ಬಿ ಬಾಗಿಲು ಹಾಕಿದರು. ಅವಳ ಗೋಳಾಟ ಜೈಕಾರದಲ್ಲಿ ಯಾರಿಗೂ ಕೇಳಿಸಲಿಲ್ಲ. ಒಳಗೆ ಕೂಸು ಚಿತ್ರದತ್ತ ಬಾಯಿ ತೆರೆದುಕೊಂಡು ಹಾಲಿಗಾಗಿ ಕಾಯುತ್ತಿತ್ತು.